ದಿಬ್ಬದ ಸಾಲಿ ನೋಡಲು ಹೋದ ಗುರುಲಿಂಗಪ್ಪ

ಮಕ್ಕಳನ್ನು ಯಾವ ಶಾಲೆಗೆ ಹಾಕಬೇಕು ಎಂಬ ಮಾತು ಬಂದರೆ ನಾವು ಊರೆಲ್ಲ ಕೇಳುತ್ತೇವೆ. ಚಹಾದಂಗಡಿಯಲ್ಲಿ ಕೇಳುತ್ತೇವೆ, ಸಂತೆಯಲ್ಲಿ ಕೇಳುತ್ತೇವೆ, ಕ್ಷೌರಕ್ಕೆ ಕುಂತಾಗಲೂ ಕೇಳುತ್ತೇವೆ. ಆ ಶಾಲೆಯೊಳಗೆ ಮಾತ್ರ ಕಾಲಿಡುವುದಿಲ್ಲ. ಹೌದೋ ಅಲ್ಲವೋ? ನಗಬೇಡಿ, ನಿಮ್ಮ ಮನೆಯ ಮಾತೇ ಹೇಳುತ್ತಿದ್ದೇನೆ. ಅದಕ್ಕೇ ಚಿತ್ತಾಪುರದ ಗುರುಲಿಂಗಪ್ಪನ ಕಥೆ ಕೇಳಿ. ನಿಜಾಮರ ಆಳ್ವಿಕೆಯ ಕಾಲದ್ದು ನಿಜ, ಆದರೆ ಹಳಸಿದ ಕಥೆಯಲ್ಲ.

ಗುರುಲಿಂಗಪ್ಪ ಜೋಳ, ತೊಗರಿ ಬೆಳೆಯುವ ರೈತ. ಆದರೆ ಸುತ್ತಲಿನ ಊರುಗಳಲ್ಲಿ ಅವನ ಹೆಸರು ನಡೆಯುತ್ತಿದ್ದದ್ದು ಬೇರೊಂದು ಕೆಲಸಕ್ಕೆ. ಯಾರ ಮನೆಯಲ್ಲಿ ಮಗಳನ್ನು ಕೊಡುವ ಮಾತು ನಡೆದರೂ ಗಂಡಿನ ಮನೆ ನೋಡಿ ಬರಲು ಅವನೇ ಬೇಕು. ಹೇಳದೆ ಕೇಳದೆ ಹೋಗಿ ನಿಲ್ಲುವನು. ಪಡಸಾಲೆಯಲ್ಲಿ ಹಾಸಿದ ಜಮಖಾನದ ಮೇಲೆ ಕೂಡುವವನೇ ಅಲ್ಲ, ಸೀದಾ ಹಿತ್ತಲಿಗೆ! ಹಂಡೆಯಲ್ಲಿ ನೀರಿದೆಯೇ, ಎತ್ತಿನ ಬೆನ್ನ ಮೇಲೆ ಬಾಸುಂಡೆ ಎದ್ದಿದೆಯೇ, ಮನೆಯ ಆಳು ಯಜಮಾನನ ಎದುರು ಬಾಯಿ ಬಿಡುತ್ತಾನೆಯೇ, ಎಲ್ಲ ನೋಡುವನು.

"ಬರೇ ಛಲೋ ಛಲೋ ಅನ್ನೋ ಮನಿ ನಾ ನಂಬಾಂಗಿಲ್ರಿ. ತಮ್ಮ ತಪ್ಪು ತಾವ ಹೇಳೋ ಮನಿ ಇದ್ರ ಹೆಣ್ಣು ಕೊಡ್ರಿ" ಎನ್ನುತ್ತಿದ್ದ. ಇನ್ನೊಂದು ಮಾತನ್ನೂ ಸೇರಿಸುತ್ತಿದ್ದ: "ಆ ಮನಿ ಸೊಸಿ ತವರಿಗೆ ಬಂದಾಗ, ತಿರುಗಿ ಹೋಗೋದು ಯಾವಾಗ ಅಂತ ತಾನಾಗೇ ಕೇಳ್ತಾಳೇನು, ಅದನ್ನ ತಿಳಕೋರಿ. ಕೇಳಿದ್ಲಂದ್ರ ಮುಗೀತು, ಮತ್ತೇನೂ ನೋಡೋದು ಬ್ಯಾಡ."

ಇಂಥ ಶಾಣ್ಯಾ ಮನುಷ್ಯ ಸ್ವಂತ ಮಗನ ವಿಷಯದಲ್ಲಿ ಏನು ಮಾಡಿದ ಗೊತ್ತೇ?

ಮಗ ಕಲ್ಯಾಣಪ್ಪ ಚಿತ್ತಾಪುರದಲ್ಲಿ ಮಿಡ್ಲ್ ಸ್ಕೂಲ್ ಪಾಸಾಗಿದ್ದ. ಮುಂದೆ ಓದಬೇಕೆಂದರೆ ಶಹಾಬಾದಿನ ದೊಡ್ಡ ಸರಕಾರಿ ಹೈಸ್ಕೂಲಿಗೆ ಹೋಗಬೇಕು. ದಿಬ್ಬದ ಮೇಲಿದ್ದುದರಿಂದ ಜನ ಅದನ್ನು ದಿಬ್ಬದ ಸಾಲಿ ಎನ್ನುತ್ತಿದ್ದರು. ಪಕ್ಕದ ಮನೆಯ ದರ್ಜಿ ಹಾಜಿಸಾಬನ ಮಗ ಖಾಜಾ ಆಗಲೇ ಅಲ್ಲಿ ಓದುತ್ತಿದ್ದ. ರಜೆಗೆ ಬಂದಾಗಲೆಲ್ಲ ಅವನ ಬಾಯಲ್ಲಿ ಅಲ್ಲಿನ ಸಾಯನ್ಸ್ ಕೋಣೆಯದೇ ಮಾತು.

"ಕಬ್ಬಿಣಕ್ಕ ತಂತಿ ಸುತ್ತಿ ಕರೆಂಟ್ ಬಿಟ್ರ ಮೊಳಿ ಓಡಿ ಬಂದು ಅಂಟಿಕೊಳ್ತಾವ, ಕಲ್ಯಾಣಿ! ಕರೆಂಟ್ ಬಂದ್ ಮಾಡಿದ ಕೂಡ್ಲೆ ಬಿದ್ದು ಬಿಡ್ತಾವ. ಹಾಂಗ ಮಾಡೇ ಗಂಟಿ ಬಾರಿಸ್ತಾರ. ನನ್ನ ಕಣ್ಣಾರೆ ನೋಡೀನಿ!"

ಕಲ್ಯಾಣಪ್ಪನಿಗೆ ಹುಚ್ಚು ಹಿಡಿಯಿತು. ಉಣ್ಣುವಾಗಲೂ ತಂತಿ, ಎತ್ತಿಗೆ ಮೇವು ಹಾಕುವಾಗಲೂ ತಂತಿ. ಆದರೆ ಅಪ್ಪ ವಾಡಿಗೆ ಹೋಗಿ ಬಂದವನೇ ತಲೆಯ ರುಮಾಲು ಬಿಚ್ಚುತ್ತ ಹೇಳಿದ.

"ಆ ಸಾಲಿ ಬ್ಯಾಡ. ಇವನ್ನ ಮುಧೋಳಕ್ಕ ಸೋದರಮಾವನ ಕಿರಾಣಿ ಅಂಗಡಿಗಿ ಕಳಿಸ್ತೀನಿ."

ಹೆಂಡತಿ ಚಂದಮ್ಮ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. "ಯಾಕ್ರಿ? ಏನಾತು?"

"ವಾಡಿ ಸ್ಟೇಶನ್ದಾಗ ಚಹಾ ಮಾರೋ ಮಶಾಕ ಹೇಳಿದ. ಅದು ಸಾಲಿ ಅಲ್ಲಂತ, ಕುರಿದೊಡ್ಡಿ ಅಂತ. ಅಷ್ಟು ಪೋರಗೋಳು! ಹೆಸರು ಹಿಡಿದು ಕರೆಯೋರು ಸುದ್ಧಾ ಇಲ್ಲಂತ. ಚಿಂಚೋಳಿಯವ ಒಬ್ಬ ಕುಂತಿದ್ದ, ಅಲ್ಲಿ ಹೋದ ಹುಡುಗರು ಕನ್ನಡಾನೇ ಮರೀತಾರ ಅಂದ. ಸಾಕಿಲ್ಲೇನು?"

ಕಲ್ಯಾಣಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಕಣ್ಣು ತುಂಬಿಕೊಂಡು ಹೊರಗೆ ಹೋದ. ಅದನ್ನು ನೋಡಿ ಚಂದಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಅಲ್ರೀ, ಐನಾಪುರದ ಭೀಮಮ್ಮನ ಮಗಳಿಗಿ ಗಂಡು ನೋಡಾಕ ಹೋದಾಗ ಎತ್ತಿನ ಬಾಯಿ ತೆರೆದು ಹಲ್ಲು ನೋಡಿ ಬಂದೋರು ನೀವು! ಆಕಿ ಯಾರದೋ ಮಗಳು. ಇವ ನಿಮ್ಮ ಹೊಟ್ಟೀಲೆ ಹುಟ್ಟಿದ ಮಗ. ಇವನ ಸಲುವಾಗಿ ಚಹಾ ಮಾರೋನ ಮಾತು ಸಾಕಾತೇನು ನಿಮಗ?"

ಗೋಡೆಯ ಆಚೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಹಾಜಿಸಾಬ ಇಣುಕಿ ನೋಡಿದ.

"ಚಂದವ್ವ ಬರಾಬರ್ ಹೇಳಾಕತ್ಯಾಳ ನೋಡು, ಅಣ್ಣಾ. ನನ್ನ ಮಗಾ ಹೇಳ್ದಾ ಅಂತ ನಂಬಬ್ಯಾಡ, ಮಶಾಕ ಹೇಳ್ದಾ ಅಂತನೂ ನಂಬಬ್ಯಾಡ. ನೀ ಹೋಗಿ ನೋಡು. ಆದ್ರ ಜಲ್ದಿ ಮಾಡು, ಸಾಲಿಗಿ ಸೇರಿಸಿಕೊಳ್ಳೋ ಭರ್ತಿ ನಾಳಿಗಿ ಬಂದ್ ಆಗ್ತದ."

"ನಾಳಿಗೀ?" ಗುರುಲಿಂಗಪ್ಪ ಎದ್ದೇ ನಿಂತ. "ಹಾಂಗಿದ್ರ ಮನಿ ನೋಡಾಕ ಹೋಗೋಣ. ಹೇಳದೆ ಕೇಳದೆ ಹೋಗೋಣ!"

"ನಾನೂ ಬರ್ತೀನಿ" ಎಂದಳು ಚಂದಮ್ಮ.

ಮರುದಿನ ಬೆಳಗಿನ ರೈಲುಗಾಡಿಗೆ ಗಂಡ, ಹೆಂಡತಿ, ಮಗ ಮೂವರೂ ಹತ್ತಿದರು. ಶಾಲೆಗೆ ಮರಳುತ್ತಿದ್ದ ಖಾಜಾನೂ ಜೊತೆಗಿದ್ದ. ವಾಡಿಯಲ್ಲಿ ಗಾಡಿ ಬದಲಿಸಬೇಕು. ಗುರುಲಿಂಗಪ್ಪ ನೇರ ಮಶಾಕನ ಕೆಟಲಿನ ಮುಂದೆ ಹೋಗಿ ನಿಂತ.

"ಮಶಾಕ, ನೀ ದಿಬ್ಬದ ಸಾಲಿ ಒಳಗ ಯಾವಾಗ ಹೋಗಿದ್ದಿ?"

"ನಾನಾ? ನಾ ಯಾಕ ಹೋಗ್ಲಿರಿ ಸಾವುಕಾರ್! ಗಿರಾಕಿಗಳು ಅಂತಿದ್ರು, ನಾನೂ ಅಂದೆ."

ಚಂದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಶಾಕ ಕೊಟ್ಟ ಚಹಾವನ್ನೂ ಪೂರಾ ಕುಡಿಯದೆ ಗುರುಲಿಂಗಪ್ಪ ಶಹಾಬಾದಿನ ಗಾಡಿ ಹತ್ತಿದ.

ಅಬ್ಬಾ, ಏನು ಶಾಲೆ ಅದು! ಶಹಾಬಾದಿ ಫರಸಿ ಕಲ್ಲಿನ ಉದ್ದನೆಯ ಕಟ್ಟಡ, ಸಾಲುಗಟ್ಟಿ ಬಾಗಿಲುಗಳು, ಒಳಗಿನಿಂದ ಜೇನುಹುಟ್ಟಿನ ಹಾಗೆ ಗುಂಯ್ ಎನ್ನುವ ಸದ್ದು. ಕಲ್ಯಾಣಪ್ಪ ಬಾಯಿ ತೆರೆದುಕೊಂಡು ನಿಂತುಬಿಟ್ಟ. ಗೇಟಿನ ಹೊರಗೆ ಕಲ್ಲುಗಣಿಯ ಕೆಲಸದ ಒಬ್ಬ ಹೆಂಗಸು ರೊಟ್ಟಿ ಗಂಟು ಹಿಡಿದು ಕುಂತಿದ್ದಳು. ಹೆಸರು ಹಣಮಮ್ಮ. ಮಗನಿಗೆ ಬುತ್ತಿ ತಂದಿದ್ದಳು.

ಮನೆ ನೋಡಲು ಹೋದರೆ ಮೊದಲು ನೆರೆಹೊರೆಯವರನ್ನು ಕೇಳಬೇಕಲ್ಲವೇ? ಗುರುಲಿಂಗಪ್ಪ ಕೇಳಿಯೇ ಬಿಟ್ಟ. "ತಾಯಿ, ಈ ಸಾಲಿ ಹ್ಯಾಂಗದ?"

"ಸಾಲಿ ಛಲೋ ಅದರಿ. ನನ್ನ ಮಗ ರಾತ್ರಿ ಓದಿ ಹೇಳಿದ್ರ ನಮ್ಮ ಗಲ್ಲಿ ಎಲ್ಲಾ ಕೂಡತದ. ನನ್ನ ತಲಿಮ್ಯಾಲಿನ ಬುಟ್ಟಿ ಅವನ ತಲಿಗಿ ಬರಾಂಗಿಲ್ಲ, ಅಷ್ಟಾದ್ರ ಸಾಕು." ಹಣಮಮ್ಮ ದನಿ ತಗ್ಗಿಸಿದಳು. "ಆದ್ರ ಒಂದು ಹೇಳ್ತೀನ್ರಿ. ದಿನಾ ಇಲ್ಲೇ ಕೂಡ್ತೀನಿ. ಒಳಗ ಬಾ ಅಂತ ಯಾರೂ ಅನ್ನಾಂಗಿಲ್ಲ, ನನಗೂ ಧೈರ್ಯ ಬರಾಂಗಿಲ್ಲ."

"ಇವತ್ತು ಬರ್ರಿ, ನಮ್ಮ ಕೂಡ" ಎಂದು ಚಂದಮ್ಮ ಅವಳ ಕೈ ಹಿಡಿದೆಬ್ಬಿಸಿದಳು.

ಗುರುಲಿಂಗಪ್ಪ ಹೆಡ್ ಮಾಸ್ತರರ ಕೋಣೆಗೆ ಹೋಗಲಿಲ್ಲ. ಎಲ್ಲಿಗೆ ಹೋದ ಹೇಳಿ? ಹಿತ್ತಲಿಗೆ! ನೀರಿನ ಹಂಡೆಯ ಮುಚ್ಚಳ ತೆಗೆದು ಬಗ್ಗಿದ. ತಳದಲ್ಲಿ ಹನಿ ನೀರಿಲ್ಲ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಅದೇ ಕರೆಂಟಿನ ಗಂಟೆ! "ಅಪ್ಪಾ, ಕೇಳಿದ್ಯಾ? ಕೇಳಿದ್ಯಾ?" ಎಂದು ಕಲ್ಯಾಣಪ್ಪ ಕುಣಿದೇ ಬಿಟ್ಟ. ಹುಡುಗರು ಕಟ್ಟೆ ಒಡೆದ ನೀರಿನಂತೆ ನುಗ್ಗಿ ಬಂದು ಹೊಸಬರನ್ನು ಮುತ್ತಿಕೊಂಡರು. ಗದ್ದಲ ಕೇಳಿ ಹೆಡ್ ಮಾಸ್ತರರೂ ಬಂದರು. ಹಂಡೆಯಲ್ಲಿ ತಲೆ ತೂರಿಸಿದ್ದ ರುಮಾಲಿನ ಮನುಷ್ಯನನ್ನು ನೋಡಿ ಅವರಿಗೆ ಆಶ್ಚರ್ಯ.

"ಯಾರ್ರಿ ನೀವು? ಏನು ನೋಡಾಕತ್ತೀರಿ?"

"ಮನಿ ನೋಡಾಕತ್ತೀನ್ರಿ. ಮಗನ್ನ ಕೊಡೋದದ" ಎಂದ ಗುರುಲಿಂಗಪ್ಪ.

ಹುಡುಗರೆಲ್ಲ ಗೊಳ್ಳೆಂದರು. ಅವನು ಜಗ್ಗಲಿಲ್ಲ. ಹೆಡ್ ಮಾಸ್ತರರ ಎದುರೇ ಹುಡುಗರನ್ನು ಕೇಳಿದ. "ಏನ್ರಪ್ಪಾ, ನಿಮ್ಮ ಸಾಲಿದಾಗ ಏನು ಕೊರತಿ ಅದ? ಖರೇ ಹೇಳ್ರಿ."

ಹುಡುಗರು ಹೆಡ್ ಮಾಸ್ತರರ ಮುಖ ನೋಡಿದರು. ಅವರು ಕನ್ನಡಕ ತೆಗೆದು ಒರೆಸುತ್ತ, "ಹೇಳ್ರಿ, ಹೇಳ್ರಿ. ನನಗೂ ಗೊತ್ತಾಗಲಿ" ಎಂದರು.

ತಡವೇ ಇಲ್ಲ! "ಮಧ್ಯಾಹ್ನಕ್ಕ ನೀರ ಇರಾಂಗಿಲ್ರಿ!" "ಗಣಿತದ ಮಾಸ್ತರ್ ಭಾಳ ಹೊಡೀತಾರ್ರಿ!" "ಹಿಂದ ಕುಂತೋರಿಗಿ ಬೋರ್ಡು ಕಾಣಾಂಗಿಲ್ರಿ, ಭಾಳ ಮಂದಿ ಇದ್ದೀವಿ!" ಖಾಜಾ ಮುಂದೆ ಬಂದ. "ಪಾಠ ಎಲ್ಲಾ ಉರ್ದುದಾಗ, ಚಾಚಾ. ಮೊದಮೊದಲು ಕಲ್ಯಾಣಿ ತಲಿ ತಿರುಗ್ತದ. ನಾ ಉರ್ದು ಹೇಳಿ ಕೊಡ್ತೀನಿ. ಕನ್ನಡದ ಮಾಸ್ತರ್ ಬೇರೆ ಇದ್ದಾರ. ಅದರಾಗ ನಾ ಕಚ್ಚಾ, ಅದನ್ನ ಅವ ನನಗ ಹೇಳಿ ಕೊಡ್ಲಿ."

"ಇಷ್ಟೆಲ್ಲಾ ಕೊರತಿ ಇದ್ರ ಬಿಟ್ಟು ಹೋಗ್ರಿ ಮತ್ತ!" ಗುರುಲಿಂಗಪ್ಪ ಬೇಕೆಂದೇ ಕೆಣಕಿದ.

"ಯಾಕ ಹೋಗಬೇಕ್ರಿ? ಇದು ನಮ್ಮ ಸಾಲಿ!" ಹಣಮಮ್ಮನ ಮಗ ಕೂಗಿದ. ಉಳಿದವರೂ ಕೂಗಿದರು. ಗೇಟಿನ ಆಚೆಗೂ ಕೇಳಿರಬೇಕು ಆ ಕೂಗು. ಹಣಮಮ್ಮ ಮಗನನ್ನು ನೋಡುತ್ತ ಕಣ್ಣೊರೆಸಿಕೊಂಡಳು.

ಗುರುಲಿಂಗಪ್ಪ ಹೆಂಡತಿಯ ಕಡೆ ತಿರುಗಿದ. ಅವನ ಮುಖ ಅರಳಿತ್ತು. "ನೋಡಿದ್ಯಾ? ತಪ್ಪು ಯಜಮಾನನ ಮುಂದ ಹೇಳ್ತಾರ. ಅವರೂ ನಿಂತು ಕೇಳ್ತಾರ."

ಹೆಡ್ ಮಾಸ್ತರರು ಹತ್ತಿರ ಬಂದರು. "ಇಷ್ಟು ದಿನದಾಗ ಒಬ್ಬ ತಂದಿ ಬಂದು ಈ ಹಂಡೇದಾಗ ಬಗ್ಗಿ ನೋಡಿಲ್ರಿ. ಬರ್ತಾರ, ಭರ್ತಿ ಮಾಡ್ತಾರ, ಹೋಗ್ತಾರ. ಆಮ್ಯಾಲ ಊರಾಗ ಕುಂತು ಬೈತಾರ. ಮಾಸ್ತರರ ಕೋಲಿನ ಮಾತು ನಾ ಇವತ್ತೇ ಆಡ್ತೀನಿ. ನೀರು ತರೋ ಆಳು ಒಬ್ಬನೇ, ಏನು ಮಾಡ್ಲಿ?"

ಆಗ ಬಾಯಿ ತೆರೆದವಳು ದಿನವೂ ಗೇಟಿನ ಹೊರಗೆ ಕೂಡುತ್ತಿದ್ದ ಹಣಮಮ್ಮ. "ಗಣಿಗಿ ಹೋಗೋ ನೀರಿನ ಗಾಡಿ ಇದೇ ದಾರೀಲೆ ಹೋಗ್ತದರಿ ಸಾಹೇಬ್ರ. ಒಂದು ಪೀಪಾಯಿ ಇಲ್ಲಿ ಇಳಿಸು ಅಂತ ಗಣಿ ಕೆಲಸ ನೋಡಿಕೊಳ್ಳೋ ಮುಕದ್ದಮಗ ನಾವು ತಾಯಂದಿರು ಕೂಡಿ ಕೇಳ್ತೀವಿ. ಅವನ ಮಗನೂ ಇಲ್ಲೇ ಕಲಿಯಾಕತ್ತಾನ, ಇಲ್ಲ ಅನ್ನಲಿ ನೋಡೋಣ!"

ಕಲ್ಯಾಣಪ್ಪನ ಭರ್ತಿ ಆಯಿತು. ಹೊರಡುವಾಗ ಗುರುಲಿಂಗಪ್ಪ ಮಗನ ಕೈಯನ್ನು ಹೆಡ್ ಮಾಸ್ತರರ ಕೈಯಲ್ಲಿಟ್ಟ. ಎಷ್ಟು ಮದುವೆಗಳಲ್ಲಿ ಯಾರ್ಯಾರೋ ಆಡಿದ್ದನ್ನು ಕೇಳಿದ್ದನೋ, ಆ ಮಾತು ತಾನಾಗಿ ಬಾಯಿಗೆ ಬಂತು. "ನಿಮ್ಮ ಉಡಿಯಾಗ ಹಾಕೀನ್ರಿ. ತಪ್ಪು ಮಾಡಿದ್ರ ತಿದ್ದಿಕೊಳ್ರಿ."

"ಕೊಟ್ಟ ಮ್ಯಾಲ ಹೆಣ್ಣಿನವರು ಬರೋದು ಕಮ್ಮಿ ಮಾಡ್ತಾರಲ್ರಿ, ನೀವು ಹಾಂಗ ಮಾಡಬ್ಯಾಡ್ರಿ" ಎಂದರು ಹೆಡ್ ಮಾಸ್ತರರು. "ಮತ್ತ ಮತ್ತ ಬರ್ರಿ. ಸೀದಾ ಹಿತ್ತಲಿಗೇ ಬರ್ರಿ."

ಶಹಾಬಾದಿನಲ್ಲೇ ಇದ್ದ ಚಿಕ್ಕಮ್ಮನ ಮನೆಯಲ್ಲಿ ಕಲ್ಯಾಣಪ್ಪ ಉಳಿದ. ವಾರ ಮುಗಿದು ಮೊದಲ ಸಲ ಮನೆಗೆ ಬಂದಾಗ ಚಂದಮ್ಮ ಅವನ ಮುಖ ಸವರಿ ಕೇಳಿದಳು. "ಹ್ಯಾಂಗದಪ್ಪಾ ಸಾಲಿ?"

"ಎಲ್ಲಿದು ತಗೀತಿ ಅವ್ವಾ! ಉರ್ದು ಪಟಾಪಟಾ ಓದ್ತಾರ, ಅರ್ಧಾ ತಿಳಿಯಾಂಗಿಲ್ಲ. ಗಣಿತದ ಮಾಸ್ತರ್ ಕೋಲು ಅಟ್ಟದ ಮ್ಯಾಲ ಇಟ್ಟಾರ, ಆದ್ರ ಕಣ್ಣು ಕೆಂಪಗ ಮಾಡ್ತಾರ. ನನಗ ಹಿಂದಿನ ಬೆಂಚು ಸಿಕ್ಕದ. ಪೀಪಾಯಿ ನೀರು ಬರಾಕತ್ಯಾದ, ಆದ್ರ ಲೋಟ ಒಂದೇ, ದಿನಾ ಜಗಳ!"

ಹುಡುಗನಿಗೆ ಹಿಡಿಸಲಿಲ್ಲವೇನೋ, ನಾನು ದುಡುಕಿದೆನೇನೋ ಎಂದು ಗುರುಲಿಂಗಪ್ಪ ಹೆಂಡತಿಯ ಮುಖ ನೋಡಿದ. ಕಲ್ಯಾಣಪ್ಪ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ಆಮೇಲೆ ಕೇಳಿದ.

"ಅಪ್ಪಾ, ತಿರುಗಿ ಹೋಗೋ ಗಾಡಿ ಎಷ್ಟೊತ್ತಿಗದ? ತಪ್ಪಸಬಾರದು ನೋಡು."

ಚಂದಮ್ಮ ಗಂಡನನ್ನು ನೋಡಿದಳು. "ಕೇಳಿದ್ರೇನು, ನೀವು ಹೇಳೋ ಸೊಸಿ ಮಾತು?" ಎಂದಳು. ಗುರುಲಿಂಗಪ್ಪ ನಕ್ಕ ನಗು ಗೋಡೆಯಾಚೆಯ ಹಾಜಿಸಾಬನಿಗೂ ಕೇಳಿತು.

ತಾಯಂದಿರೇ, ತಂದೆಯರೇ, ಈಗ ನಿಮ್ಮ ಸರದಿ. ಮಗಳನ್ನು ಕೊಡುವಾಗ ಹಂಡೆ ಬಗ್ಗಿ ನೋಡುವ ನಾವು, ಮಕ್ಕಳು ದಿನವಿಡೀ ಇರುವ ಶಾಲೆಯ ಹಂಡೆಯನ್ನು ಎಂದಾದರೂ ನೋಡಿದ್ದೇವೆಯೇ? ನಾಳೆಯೇ ಹೋಗಿ. ಹುಡುಗರನ್ನು ಕೇಳಿ, ಬುತ್ತಿ ತಂದ ತಾಯಂದಿರನ್ನು ಕೇಳಿ, ಮಾಸ್ತರರ ಎದುರೇ ಕೇಳಿ. ಕೊರತೆ ಕಂಡರೆ ಊರಲ್ಲಿ ಕುಂತು ಬೈಯಬೇಡಿ, ಅಲ್ಲೇ ನಿಂತು ಹೇಳಿ, ಸರಿಮಾಡಲು ಕೈಜೋಡಿಸಿ. ಸರಕಾರದ ಶಾಲೆ ಅಂದರೆ ನಮ್ಮದೇ ಶಾಲೆ. ಗೇಟಿನ ಹೊರಗೆ ಕೂಡಬೇಡಿ, ಒಳಗೆ ಬನ್ನಿ. ಸಂಜೆ ಮಗು ಮನೆಗೆ ಬಂದಾಗ ದೂರುಗಳನ್ನೆಲ್ಲ ಕೇಳಿಸಿಕೊಳ್ಳಿ, ಜೊತೆಗೆ ಅದು ನಾಳೆಯ ಮಾತು ಆಡುತ್ತದೆಯೋ ಇಲ್ಲವೋ ಎಂಬುದನ್ನೂ ಕಿವಿಗೊಟ್ಟು ಕೇಳಿ.