ಹನ್ನೆರಡು ರೋಗಿಗಳು ಬೇಕಾಗಿದ್ದರು

ನಮ್ಮ ಮಾಂಟಾನಾ ರಾಜ್ಯದ ಈ ಮೂಲೆಗೆ ತಿಂಗಳಿಗೊಂದು ಸಲ ಆಸ್ಪತ್ರೆಯ ವ್ಯಾನು ಬರುತ್ತಿತ್ತು. ನನ್ನ ಹೆಂಡತಿ ಡೆಲ್ಮಾಳ ಹೃದಯ ಸರಿಯಿಲ್ಲ. ಅವಳು ನುಂಗುವ ಮಾತ್ರೆಗೆ ತಿಂಗಳು ತಿಂಗಳೂ ರಕ್ತ ಪರೀಕ್ಷೆ ಮಾಡಿಸಲೇಬೇಕು. ವ್ಯಾನು ಇಲ್ಲವೆಂದರೆ ಪಟ್ಟಣದ ಆಸ್ಪತ್ರೆಗೆ ನೂರ ಮೂವತ್ತು ಮೈಲಿ ಹೋಗಬೇಕು. ಹಿಮ ಬಿದ್ದರೆ ಅದು ದಾರಿಯೇ ಅಲ್ಲ.

ಆ ಸಲ ಫೆಬ್ರವರಿಯಲ್ಲಿ ನರ್ಸ್ ಕೊರಿನ್ ನನ್ನನ್ನು ಪಕ್ಕಕ್ಕೆ ಕರೆದಳು. "ಮುಂದಿನ ತಿಂಗಳು ಹನ್ನೆರಡು ಜನ ರೋಗಿಗಳಾದ್ರೂ ಬರ್ದಿದ್ರೆ ಈ ಊರನ್ನ ಪಟ್ಟಿಯಿಂದ ತೆಗೀತಾರಂತೆ."

ನಾನು ಪಿಕಪ್ ತೆಗೆದುಕೊಂಡು ವಾರವೆಲ್ಲ ಮನೆಮನೆ ಅಲೆದೆ. ಮುಂದಿನ ತಿಂಗಳು ವ್ಯಾನು ಬಂದ ದಿನ ಅಗ್ನಿಶಾಮಕ ಶೆಡ್ಡಿನ ಮುಂದೆ ಹದಿನಾಲ್ಕು ಗಂಡಸರು ಸಾಲು ನಿಂತರು. ಹೆಂಗಸರು ಒಳಗೆ ಕಾಫಿ ಕಾಸುತ್ತಿದ್ದರು. ಗೆದ್ದೆವು ಅಂದುಕೊಂಡೆ.

ಡೆಲ್ಮಾಳದು ಮುಗಿದ ಮೇಲೆ ಗಂಡಸರಲ್ಲಿ ಮೊದಲು ಎಲ್ರಾಯ್ ವ್ಯಾನಿನ ಮೆಟ್ಟಿಲು ಹತ್ತಿದ.

"ಏನ್ ತೊಂದ್ರೆ?" ಕೊರಿನ್ ಕೇಳಿದಳು.

"ಏನಿಲ್ಲಮ್ಮ, ಆರಾಮಾಗಿದೀನಿ."

"ಕುಂಟ್ತಿದೀರಲ್ಲ?"

"ಕುದುರೆ ತುಳೀತು. ಪಾಪ, ಕುದುರೆಗೇನೂ ಆಗಿಲ್ಲ."

ಅವನ ಹಿಂದೆ ಹೋದ ಹಾಲ್ವರ್ ಮೂರು ನಿಮಿಷ ಕೆಮ್ಮಿ, ಉಸಿರು ಸಿಕ್ಕಮೇಲೆ, ತಾನೂ ಆರಾಮು ಅಂದ. ನಮ್ಮ ಕಡೆ ಗಂಡಸರಿಗೆ ಬೇರೆ ಉತ್ತರ ಕೊಟ್ಟು ಅಭ್ಯಾಸವಿಲ್ಲ. ಒಂಬತ್ತು ಜನ ಹೋಗಿ ಬಂದರೂ ಕಾಗದದ ಮೇಲೆ ಡೆಲ್ಮಾಳ ಹೆಸರೊಂದೇ.

"ಕಾಯಿಲೆ ಹೇಳ್ದೆ ನಾನು ಹೆಸರು ಬರೆಯೋಹಾಗಿಲ್ಲ," ಎಂದಳು ಕೊರಿನ್. ಅಳುವುದೊಂದು ಬಾಕಿ.

ಡೆಲ್ಮಾ ಶೆಡ್ಡಿನ ಬಾಗಿಲಿಗೆ ಹೋಗಿ ಎಲ್ರಾಯ್‌ನ ಹೆಂಡತಿಯನ್ನು ಕೂಗಿದಳು. "ಲೀಟಾ, ಬಾರೇ ಇಲ್ಲಿ! ನಿನ್ನ ಗಂಡನಿಗೆ ಏನೇನಾಗಿದೆ ಹೇಳು."

"ಏನಾಗಿಲ್ಲ ಅಂತ ಕೇಳು! ಕಾಲು ಊದಿ ಬೂಟು ಬಿಚ್ಚೋಕೇ ಬರ್ತಿಲ್ಲ. ಮಂಗಳವಾರದಿಂದ ಬೂಟು ಹಾಕ್ಕೊಂಡೇ ಮಲಗ್ತಾನೆ ಈ ಮಹಾರಾಯ."

"ಬುಧವಾರದಿಂದ ಕಣೇ!" ಎಲ್ರಾಯ್ ಕೆಂಪಾದ. "ಕೊರಿನ್, ಇವಳ ಬಾಯಿ ತೆಗೆಸಿ ನೋಡಮ್ಮ. ನೋಯ್ತಿರೋ ಹಲ್ಲನ್ನ ಇಕ್ಕಳದಲ್ಲಿ ಕೀಳೋಕೆ ಹೋಗಿ ಪಕ್ಕದ್ದನ್ನ ಕಿತ್ಕೊಂಡಿದಾಳೆ!"

ಅಷ್ಟು ಸಾಕಾಯಿತು. ಹೆಂಡಿರು ಗಂಡಂದಿರ ಮೇಲೆ, ಗಂಡಂದಿರು ಹೆಂಡಿರ ಮೇಲೆ ಬಿದ್ದರು. ಮೂಲವ್ಯಾಧಿ, ಮಂಡಿನೋವು, ನಿದ್ದೆಗಣ್ಣಲ್ಲಿ ಎದ್ದು ಕೂತು ದನಗಳನ್ನು ಕರೆಯುವ ಚಟ, ಎಲ್ಲ ಬೀದಿಗೆ ಬಂತು. ಕೊರಿನ್ ಬರೆದದ್ದೇ ಬರೆದದ್ದು. ಸಂಜೆಗೆ ಇಪ್ಪತ್ತೇಳು ಹೆಸರು.

ವ್ಯಾನು ಈಗ ತಿಂಗಳಿಗೆ ಎರಡು ಸಲ ಬರುತ್ತದೆ. ಡೆಲ್ಮಾ ಚೆನ್ನಾಗಿದ್ದಾಳೆ. ಊರಿನ ಅರ್ಧದಷ್ಟು ಗಂಡ ಹೆಂಡಿರು ಮಾತ್ರ ಈಗಲೂ ಬೇರೆ ಬೇರೆ ಪಿಕಪ್‌ನಲ್ಲಿ ಬರುತ್ತಾರೆ.