ಬಾಣದ ಗುರುತು ಕೆಳಗೆ

ಮಗಳು ಶಹಲಾ ಕೆಮ್ಮುವುದು ನಮ್ಮ ಕಾರಿನಲ್ಲೇ ಎಂದು ಗಟ್ಟಿಯಾಗಿ ಹೇಳಲು ನನಗೆ ಹದಿನೇಳು ದಿನಗಳ ದಾಖಲೆ ಬೇಕಾಯಿತು. ಬೆಳಗ್ಗೆ ಆರೂವರೆಗೆ ಕುವೈತಿನ ರಿಗ್ಗೈಯ ನಮ್ಮ ಕಟ್ಟಡದಿಂದ ಹೊರಟು ನಾಲ್ಕನೇ ರಿಂಗ್ ರಸ್ತೆ ಸೇರುವವರೆಗೆ ಅವಳು ಸುಮ್ಮನಿರುತ್ತಾಳೆ. ಎರಡನೇ ಮೇಲ್ಸೇತುವೆ ಬರುವಷ್ಟರಲ್ಲಿ ಒಣ ಕೆಮ್ಮು, ಸಾಲ್ಮಿಯಾದ ಶಾಲೆಯ ಗೇಟು ತಲುಪುವಾಗ ಎದೆಯಲ್ಲಿ ಸಿಳ್ಳೆಯಂಥ ಸದ್ದು. ನಡುವೆ ಮೂರು ದಿನ ಎದುರು ಮನೆಯ ಸುಗಂಧಿ ತನ್ನ ಮಗಳ ಜೊತೆ ಇವಳನ್ನೂ ತನ್ನ ಕಾರಿನಲ್ಲಿ ಕರೆದುಕೊಂಡು ಹೋಗಿದ್ದಳು. ಅದೇ ರಸ್ತೆ, ಅದೇ ಹೊತ್ತು, ಅದೇ ಇನ್‌ಹೇಲರ್. ಆ ಮೂರು ದಿನವೂ ಕೆಮ್ಮಿಲ್ಲ.

ಇದನ್ನೆಲ್ಲ ಬರೆದಿಟ್ಟ ನೋಟ್‌ಬುಕ್ಕನ್ನು ನನ್ನ ಗಂಡ ನಿಸಾರ್ ಮುಂದೆ ಇಟ್ಟಾಗ ಅವನು ಊಟ ಮುಗಿಸಿ ಫೋನಿನಲ್ಲಿ ಊರಿನ ವಿಮಾನದ ಟಿಕೆಟ್‌ಗಳನ್ನು ನೋಡುತ್ತಿದ್ದ.

"ಹಫೀಝಾ, ಇದು ನಿನ್ನ ಲ್ಯಾಬ್ ಅಲ್ಲ ಮಾರಾಯ್ತಿ. ಕುವೈತಿನ ಧೂಳು ಇದು. ಡಾಕ್ಟರ್ ಎಂತ ಹೇಳಿದ್ರು? ಹವೆ ಬದಲಾದ್ರೆ ಒಳ್ಳೇದು ಅಂತ."

"ಹವೆ ಅಂತ ಹೇಳಿದ್ರು, ದೇಶ ಅಂತ ಹೇಳ್ಲಿಲ್ಲ."

"ಬಾಪ ಸಹ ಅದೇ ಹೇಳುದು. ನೀನು ಅವಳನ್ನು ಕರ್ಕೊಂಡು ಮಂಗಳೂರಿಗೆ ಹೋಗು. ಜೂನಿನಲ್ಲಿ ಅಲ್ಲಿ ಸ್ಕೂಲಿಗೆ ಸೇರಿಸುವ. ಮತ್ತೆ ನೋಡುವ."

ಮತ್ತೆ ನೋಡುವ ಎಂದರೆ ಏನೆಂದು ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು. ಮೂರನೇ ಮಹಡಿಯ ಹಾರಿಸ್‌ನ ಹೆಂಡತಿ ಮಕ್ಕಳು 'ಮತ್ತೆ ನೋಡುವ' ಎಂದು ಊರಿಗೆ ಹೋಗಿ ಒಂಬತ್ತು ವರ್ಷ ಆಯಿತು. ಹಾರಿಸ್ ಈಗ ಮಕ್ಕಳ ಎತ್ತರವನ್ನು ವಿಡಿಯೊ ಕಾಲಿನಲ್ಲಿ ಬಾಗಿಲಿನ ಅಳತೆಗೆ ನೋಡಿ ತಿಳಿದುಕೊಳ್ಳುತ್ತಾನೆ.

"ಮುಂದಿನ ಗುರುವಾರದವರೆಗೆ ಟಿಕೆಟ್ ಮಾಡ್ಬೇಡ," ಎಂದೆ. "ಕಾರಿನ ಒಳಗೆ ಗಾಳಿ ಬರುವ ದಾರಿಯಲ್ಲಿ ಒಂದು ಫಿಲ್ಟರ್ ಉಂಟು. ಅದನ್ನು ಬದಲಿಸ್ಬೇಕು."

"ಏರ್ ಫಿಲ್ಟರ್ ಸರ್ವಿಸಿನಲ್ಲಿ ಹಾಕಿದ್ದಾರೆ. ಬಿಲ್ಲಲ್ಲಿ ಉಂಟು ನೋಡು."

ನೋಡಿದ್ದೆ. ಅಲ್ಲಿದ್ದದ್ದು ಇಂಜಿನ್ನಿನ ಫಿಲ್ಟರ್. ನಾಲ್ಕು ವರ್ಷಗಳಿಂದ ನಾವು ಇಂಜಿನ್ನಿಗೆ ಶುದ್ಧ ಗಾಳಿ ಕೊಟ್ಟು, ನಾವು ಮಾತ್ರ ಹಳೆಯದನ್ನೇ ಉಸಿರಾಡುತ್ತಿದ್ದೆವು. ನಿಸಾರ್ ಬಿಲ್ಲನ್ನು ಎರಡು ಸಲ ಓದಿದ. "ಗುರುವಾರ," ಎಂದ. "ಖಲಾಸ್. ಅದರ ನಂತರ ವಾದ ಬೇಡ."

ಶುವೈಖಿನ ಬಿಡಿಭಾಗಗಳ ಅಂಗಡಿಯಲ್ಲಿ ಕಾರಿನ ಚಾಸಿ ಸಂಖ್ಯೆ ಕೊಟ್ಟು ಫಿಲ್ಟರ್ ತಂದೆ. ಅಂಗಡಿಯವನು "ಫಿಟಿಂಗ್ ಕೌನ್ ಕರೇಗಾ, ಬಹನ್?" ಎಂದು ಕೇಳಿದ. ನಾನೇ ಕೂರಿಸುತ್ತೇನೆ ಎಂದೆ. ಅವನು ನಕ್ಕು ಇನ್ನೊಬ್ಬನ ಕಡೆ ತಿರುಗಿದ. ಫಹಾಹೀಲ್ ಬಳಿಯ ಪ್ರಯೋಗಾಲಯವೊಂದರಲ್ಲಿ ದಿನವಿಡೀ ನೀರು ಸೋಸುವ ಕಾಗದಗಳನ್ನು ಬದಲಿಸುವವಳು ನಾನು. ಸೋಸುವ ವಸ್ತು ಯಾವುದಾದರೂ ಒಂದು ದಿನ ತುಂಬಿಹೋಗುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ನಾಲ್ಕು ವರ್ಷ ಅದು ನನಗೆ ಹೊಳೆದಿರಲಿಲ್ಲ.

ಶುಕ್ರವಾರ ಬೆಳಗ್ಗೆ ಎಂಟಕ್ಕೆ, ಬಿಸಿಲು ಕಟ್ಟಡದ ನೆರಳನ್ನು ತಿನ್ನುವ ಮೊದಲು, ಕೆಳಗಿಳಿದೆ. ಪ್ರತಿ ಶುಕ್ರವಾರದಂತೆ ನಿಸಾರನ ಬಾಪ, ನನ್ನ ಮಾವ ಮಮ್ಮಾಲಿ ಬಂದಿದ್ದರು. ಅವರು ಮೂವತ್ತನಾಲ್ಕು ವರ್ಷಗಳಿಂದ ಒಂದೇ ಕುವೈತಿ ಮನೆಯ ಡ್ರೈವರ್. ಆ ಮನೆಯ ಯಜಮಾನನೇ ಅವರ ವೀಸಾ ಕೊಟ್ಟ ಕಫೀಲ್. ಕಾರುಗಳ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವರದೇ ಕೊನೆಯ ಮಾತು.

"ಇದೆಲ್ಲ ನಿನಗೆ ಯಾಕೆ ಮಗಳೇ?" ಎಂದರು. "ನಾನು ಪಂಪಿನಲ್ಲಿ ಕಂಪ್ರೆಸರ್ ಗಾಳಿ ಹೊಡೆಸಿ ತರ್ತೇನೆ. ಎರಡು ನಿಮಿಷ. ಹೊಸ ಕಾರಿನ ಹಾಗೆ."

"ಗಾಳಿ ಹೊಡೆದ್ರೆ ದೊಡ್ಡ ಧೂಳು ಹೋಗ್ತದೆ, ಮಾಮ. ಸಣ್ಣದು ಅಲ್ಲೇ ಉಳೀತದೆ. ಸಣ್ಣದೇ ಅವಳ ಎದೆಗೆ ಹೋಗುದು."

"ಕಾಲೇಜಿನ ಮಾತು," ಎಂದು ಅವರು ಬಾಟಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತರು. ಶಹಲಾ ಟಾರ್ಚ್ ಹಿಡಿದು ನಿಂತಳು.

ಇಲ್ಲಿ ಸ್ಟೀರಿಂಗ್ ಇರುವ ಎಡಗಡೆ ಸೀಟಿನ ಮುಂದೆ ಅಲ್ಲ, ಬಲಗಡೆ, ಪ್ರಯಾಣಿಕರ ಮುಂದೆ ಇರುವ ಸಣ್ಣ ಖಾನೆಯ ಹಿಂದೆ ಫಿಲ್ಟರ್ ಇರುತ್ತದೆ. ಖಾನೆ ಖಾಲಿ ಮಾಡಿದೆ. ಅದರ ಎರಡೂ ಪಕ್ಕಗಳನ್ನು ಒಳಕ್ಕೆ ಒತ್ತಿದರೆ ಅದು ಪೂರ್ತಿ ಕೆಳಗೆ ಬೀಳಬೇಕು. ಬೀಳಲಿಲ್ಲ. ಮಂಡಿಯೂರಿ, ತಲೆ ಕಾಲಿಡುವ ಜಾಗದಲ್ಲಿಟ್ಟು ನೋಡಿದಾಗ ಪಕ್ಕದಲ್ಲೊಂದು ಸಪೂರ ಕಡ್ಡಿ ಕಂಡಿತು. ಅದನ್ನು ಬಿಡಿಸಿದೆ. ಖಾನೆ ಇಳಿಯಿತು. ಹಿಂದೆ ಅಂಗೈ ಅಗಲದ ಕಪ್ಪು ಮುಚ್ಚಳ. ಬಲಗಡೆಯ ಕ್ಲಿಪ್ ಕೂಡಲೇ ಬಂತು, ಎಡಗಡೆಯದು ಮರಳು ಕಚ್ಚಿ ಕೂತಿತ್ತು. ಬಲವಾಗಿ ಎಳೆದರೆ ಮುರಿಯುತ್ತದೆ, ಮುರಿದರೆ ಗುರುವಾರದೊಳಗೆ ಇನ್ನೊಂದು ಸಿಗುವುದಿಲ್ಲ. ಟೂತ್‌ಬ್ರಷ್‌ನಿಂದ ಮರಳು ಕೆದರಿದೆ, ಉಗುರು ಮುರಿಯಿತು, ಮತ್ತೆ ಕೆದರಿದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು.

"ಬಿಡು, ಗ್ಯಾರೇಜಿನವ ಮಾಡ್ತಾನೆ," ಎಂದರು ಮಾವ.

"ಅವ ನಾಲ್ಕು ವರ್ಷ ಮಾಡ್ಲಿಲ್ಲ."

"Mummy, it moved!" ಎಂದಳು ಶಹಲಾ.

ಮುಚ್ಚಳ ಬಂತು. ಫಿಲ್ಟರನ್ನು ಅಲುಗಿಸದೆ ಹೊರಗೆಳೆದೆ. ಬಿಳಿಯ ಮಡಿಕೆಗಳು ಇರಬೇಕಾದಲ್ಲಿ ಕಾಫಿ ಬಣ್ಣದ ಹಿಟ್ಟು, ಒಂದು ಸತ್ತ ಪತಂಗ, ಮತ್ತು ಮಧ್ಯದಲ್ಲಿ, ಮಡಿಕೆಗಳ ಮೇಲೆ ಒತ್ತಿ ಕೂರಿಸಿದ್ದ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಬಟ್ಟೆಯ ಗಂಟು. ದಾರದಿಂದ ಅಚ್ಚುಕಟ್ಟಾಗಿ ಕಟ್ಟಿದ್ದರು. ಮೂಗಿನ ಹತ್ತಿರ ತರುವ ಮೊದಲೇ ವಾಸನೆ ಗಂಟಲಿಗೆ ಹೊಡೆಯಿತು. ಸುಗಂಧದೆಣ್ಣೆಯಲ್ಲಿ ನೆನೆಸಿದ ಊದ್ ಮರದ ಚೂರುಗಳು. ಅರಬರ ಮನೆಗಳಲ್ಲಿ ಕೆಂಡದ ಮೇಲೆ ಹಾಕುವ ಬಖೂರ್.

"ಅಲ್ಲಾ, ಇನ್ನೂ ವಾಸನೆ ಉಂಟಲ್ಲ!" ಮಾವ ಎದ್ದು ನಿಂತರು. ಅವರ ಮುಖ ಅರಳಿತ್ತು. "ಅಸಲಿ ಮಾಲು ಅದು. ಹಬ್ಬಕ್ಕೆ ಮುಂಚೆ ನಾನು ಕಾರು ತೊಳೀಲಿಕ್ಕೆ ತಗೊಂಡು ಹೋಗಿದ್ದೆನಲ್ಲ, ಆವಾಗ ಇಟ್ಟದ್ದು. ನಮ್ಮ ಕಫೀಲಿನ ಎಲ್ಲ ಗಾಡಿಗೂ ನಾನೇ ಇಡುದು. ಎಸಿ ಹಾಕಿದ್ರೆ ಸಾಕು, ಅರಬರ ಮಜ್ಲಿಸಿನ ಚಾವಡಿಯಲ್ಲಿ ಕೂತ ಹಾಗೆ. ಮಗು ಧೂಳಿನ ವಾಸನೆಯಲ್ಲಿ ಶಾಲೆಗೆ ಹೋಗುದು ಬೇಡ ಅಂತ."

ಕಾರಿನಲ್ಲಿ ಪರಿಮಳ ಇದ್ದದ್ದು ನನಗೂ ಗೊತ್ತಿತ್ತು. ನಿಸಾರ್ ಹಚ್ಚುವ ಅತ್ತರಿನದು ಎಂದುಕೊಂಡಿದ್ದೆ. ಹತ್ತು ನಿಮಿಷದಲ್ಲಿ ಮೂಗು ಒಗ್ಗಿಕೊಳ್ಳುತ್ತದೆ. ಎದೆ ಒಗ್ಗಿಕೊಳ್ಳುವುದಿಲ್ಲ.

ನನಗೆ ಸಿಟ್ಟು ಬರಬೇಕಿತ್ತು. ಮಗುವನ್ನು ಊರಿಗೆ ಕಳಿಸಿ ಎಂದು ಐದು ಶುಕ್ರವಾರ ಹೇಳಿದವರು ಇವರೇ. ಆದರೆ ದಾರ ಸುತ್ತಿದ್ದ ರೀತಿ ನೋಡಿದೆ. ಎಳೆ ಎಸಿಯ ಫ್ಯಾನಿಗೆ ಸಿಗಬಾರದೆಂದು ತುದಿಯನ್ನು ಮೂರು ಸಲ ಒಳಗೆ ಸಿಕ್ಕಿಸಿದ್ದರು.

"ಮಾಮ," ಎಂದೆ, "ಹಬ್ಬದ ನಂತರವೇ ಅವಳಿಗೆ ಕಾರಿನಲ್ಲಿ ಜಾಸ್ತಿ ಆದದ್ದು."

ಅವರು ನನ್ನನ್ನು ನೋಡಿದರು, ಮತ್ತೆ ಗಂಟನ್ನು.

"ಇದರಿಂದವಾ?"

"ಧೂಳಿನಿಂದವೂ ಇರ್ಬಹುದು, ಇದರಿಂದವೂ ಇರ್ಬಹುದು. ಒಂದೊಂದಾಗಿ ತೆಗೆದು ನೋಡಿದ್ರೆ ಗೊತ್ತಾಗ್ತಿತ್ತು. ಆದ್ರೆ ಮಗುವನ್ನು ಇಟ್ಟುಕೊಂಡು ಆ ಪರೀಕ್ಷೆ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಎರಡೂ ಹೋಗ್ಬೇಕು."

"ಉಪ್ಪಾಪ, it's okay," ಎಂದಳು ಶಹಲಾ. ಅಜ್ಜ ಅವಳ ತಲೆ ಮುಟ್ಟಲು ಕೈ ಚಾಚಿದರು. ನಂತರ ಬೆರಳುಗಳನ್ನು ಮೂಸಿ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡು, ನಲ್ಲಿಯ ಕಡೆ ನಡೆದರು. ಸಾಬೂನು ಹಾಕಿ ಬಹಳ ಹೊತ್ತು ತೊಳೆದರು.

ಖಾಲಿ ಗೂಡನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ಬಟ್ಟೆ ಬೆಳ್ಳಗೆ ಬರುವವರೆಗೆ. ಹೊಸ ಫಿಲ್ಟರಿನ ಅಂಚಿನಲ್ಲಿದ್ದ ಬಾಣದ ಗುರುತನ್ನು ಹಳೆಯದರ ಗುರುತಿನ ಜೊತೆ ಹೋಲಿಸಿದೆ. ಕೆಳಗೆ. ಒಳಗೆ ತಳ್ಳಿ, ಮುಚ್ಚಳ ಹಾಕಿ, ಎರಡೂ ಕ್ಲಿಪ್‌ಗಳ ಸದ್ದು ಕೇಳಿಸಿಕೊಂಡೆ. ಎಸಿ ಹಾಕಿ ನಾಲ್ಕೂ ಬಾಗಿಲು ತೆರೆದಿಟ್ಟೆ. ಆ ಗಾಳಿಗೆ ಯಾವ ವಾಸನೆಯೂ ಇರಲಿಲ್ಲ.

ಇಲ್ಲಿ ಶಾಲೆಯ ವಾರ ಶುರುವಾಗುವುದು ಭಾನುವಾರ. ಅಂದು ಮೇಲ್ಸೇತುವೆ ದಾಟಿದೆವು, ಕೆಮ್ಮಿಲ್ಲ. ಸೋಮವಾರವೂ ಇಲ್ಲ. ಮಂಗಳವಾರ ಹೊರಗೆ ಧೂಳು ಎದ್ದು ಆಕಾಶ ಕಿತ್ತಳೆಯಾಗಿತ್ತು. ಶಾಲೆಯ ಗೇಟಿನಲ್ಲಿ ಇಳಿದ ಮೇಲೆ ಅವಳು ಎರಡು ಸಲ ಕೆಮ್ಮಿದಳು. ಅದನ್ನೂ ಬರೆದೆ. ನನಗೆ ಬೇಡವಾದದ್ದನ್ನು ಬರೆಯದೆ ಬಿಟ್ಟರೆ ಉಳಿದದ್ದಕ್ಕೂ ಬೆಲೆ ಇರುವುದಿಲ್ಲ. ಬುಧವಾರ ಇಲ್ಲ. ಗುರುವಾರ ಇಲ್ಲ.

ಗುರುವಾರ ಸಂಜೆ ನಿಸಾರ್ ನೋಟ್‌ಬುಕ್ಕಿನ ಪುಟಗಳನ್ನು ಬೆರಳಿಟ್ಟು ಓದಿದ. ಮಂಗಳವಾರದ ಸಾಲಿನಲ್ಲಿ ನಿಂತ.

"ಇದು ಹೊರಗೆ?"

"ಹೊರಗೆ. ಇನ್‌ಹೇಲರ್ ಬೇಕೇ ಬೇಕು, ಡಾಕ್ಟರ್ ಸಹ ಬೇಕು. ಅವಳಿಗೆ ಪೂರ್ತಿ ಗುಣ ಆಯ್ತು ಅಂತ ನಾನು ಹೇಳುದಿಲ್ಲ. ಊರಿಗೆ ಓಡಿ ಹೋಗುವಷ್ಟು ಇಲ್ಲ ಅಂತ ಮಾತ್ರ."

ಅವನು ಫೋನಿನಲ್ಲಿ ತೆರೆದಿಟ್ಟಿದ್ದ ಟಿಕೆಟಿನ ಪುಟವನ್ನು ಮುಚ್ಚಿದ. "ಫಿಲ್ಟರ್ ಇನ್ನು ಯಾವಾಗ ಬದಲಿಸ್ಬೇಕು?"

"ಈ ಊರಲ್ಲಿ? ಆರು ತಿಂಗಳಿಗೊಮ್ಮೆ."

"ನನಗೂ ತೋರಿಸು ಆವಾಗ," ಎಂದ.

ಶುಕ್ರವಾರ ಮಾವ ಬರಲಿಲ್ಲ. ಎಂಟೂವರೆಗೆ ಅವರ ಫೋನು ಬಂತು. ಹಿನ್ನೆಲೆಯಲ್ಲಿ ಪ್ಲಾಸ್ಟಿಕ್ ಏನೋ ಕಟಕಟ ಎನ್ನುತ್ತಿತ್ತು, ಅವರು ಏದುಸಿರು ಬಿಡುತ್ತಿದ್ದರು.

"ಹಫೀಝಾ, ಇಲ್ಲಿ ಕಫೀಲಿನ ಮನೆಯ ದೊಡ್ಡ ಗಾಡಿ ಬಿಚ್ಚಿದ್ದೇನೆ. ಕಫೀಲಿನ ಮೊಮ್ಮಗ ಸಣ್ಣವ, ಇದರಲ್ಲೇ ಹೋಗುದು. ನನ್ನ ಗಂಟು ಸಿಕ್ಕಿತು. ಹೊಸ ಫಿಲ್ಟರ್ ಕೈಯಲ್ಲಿ ಉಂಟು. ಬಾಣ ಮೇಲೆಯಾ, ಕೆಳಗೆಯಾ?"

"ನಮ್ಮದು ಕೆಳಗೆ, ಮಾಮ. ಅದರದ್ದು ಬೇರೆ ಇರ್ಬಹುದು. ಹಳೆಯದನ್ನು ಪೂರ್ತಿ ತೆಗೆಯುವ ಮೊದಲು ಅದರ ಗುರುತು ನೋಡಿ."

"ತೆಗ್ದಾಯ್ತಲ್ಲ!"

"ಹಾಗಾದ್ರೆ ಖಾಲಿ ಗೂಡಿನಲ್ಲಿ ಧೂಳು ಮೇಲಿನ ಕಡೆ ಕೂತಿದೆಯಾ, ಕೆಳಗಿನ ಕಡೆಯಾ ನೋಡಿ. ಗಾಳಿ ಆ ಕಡೆಯಿಂದ ಬರುದು, ಬಾಣ ಅದರ ಎದುರು ಕಡೆಗೆ."

ಟಾರ್ಚಿನ ಗುಂಡಿ ಒತ್ತಿದ ಸದ್ದು ಬಂತು. ಆಮೇಲೆ, "ಹಾಂ," ಎಂದರು. "ಕಂಡಿತು. ಫೋನ್ ಇಡ್ಬೇಡ. ಕ್ಲಿಪ್ ಹಾಕುವವರೆಗೆ ಇರು."

ನಾನು ಫೋನು ಹಿಡಿದು ನಿಂತೆ. ಮೊದಲ ಕ್ಲಿಪ್‌ನ ಸದ್ದು ಕೇಳಿಸಿತು. ಎರಡನೆಯದಕ್ಕೆ ಕಾಯುತ್ತಿದ್ದೆ.