ಸಾಮೆಯ ಗಣ್ಣು

ಅದೋ ಮತ್ತೆ ಬಗ್ಗಿದರು, ಮಾಮಿಯ, ನನ್ನ ಅತ್ತೆಯ, ಹೆಬ್ಬೆರಳು ಸಾಮೆ ಪೈರಿನ ಬುಡಕ್ಕೆ ಇಳಿಯಿತು, ಉಗುರಿನ ಪಕ್ಕ ಉದ್ದಕ್ಕೆ ಸೀಳಿ ಕಪ್ಪಾಗಿ ನಿಂತ ಗೆರೆಯ ಆ ಹೆಬ್ಬೆರಳು, ಮಣ್ಣು ತಾಗುವಲ್ಲಿ ದಂಟನ್ನು ಒತ್ತಿ, ತುಸು ಉರುಳಿಸಿ, ಬಿಟ್ಟಿತು, ಇಲ್ಲೆ, ಅಂದರು ಮಾಮಿ, ಮುಂದಿನ ಬುಡಕ್ಕೆ ಹೋದರು — ಇಲ್ಲೆ, ಅಂದರೆ ಇಲ್ಲ, ಇಲ್ಲದಿದ್ದರೆ ಒಳ್ಳೆಯದು, ಗಣ್ಣು ಇನ್ನೂ ಎದ್ದಿಲ್ಲ, ತೆನೆಯ ಮೊಳಕೆ ಇನ್ನೂ ಮಣ್ಣಿನ ಮರೆಯಲ್ಲೇ ಕೂತಿದೆ, ನಾನು ಚಿವುಟಿದ್ದು ಬರೀ ಎಲೆ, ಮತ್ತೆ ಬರುತ್ತದೆ. ಗಣ್ಣು ಬೆರಳಿಗೆ ಸಿಕ್ಕಿತೋ, ತೆನೆ ಆಗಲೇ ದಂಟಿನೊಳಗೆ ಮೇಲೆ ಹತ್ತಿತ್ತು, ನನ್ನ ಉಗುರಿಗೆ ಸಿಕ್ಕಿ ಹೋಯಿತು. ಬೆಳಿಗ್ಗೆ ಟೀ ಕೊಡುತ್ತ ತಪ್ಪು ಒಪ್ಪಿಕೊಂಡಾಗ ಮಾಮಿ ಹೇಳಿದ್ದು ಇಷ್ಟೇ, ಬಯ್ಯಲಿಲ್ಲ, ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು, ಲೋಟ ಕೆಳಗಿಟ್ಟು ಕೋಲು ತೆಗೆದುಕೊಂಡು, ಬಾ ಹೆಣ್ಣೇ, ಮುಟ್ಟಿ ನೋಡುವ, ಅಂದರು, ಮಂಡಿ ನೋವಿಗೆ ನಾಲ್ಕು ತಿಂಗಳಿಂದ ಅಂಗಳ ದಾಟದವರು ಈ ಇಳಿಜಾರು ಇಳಿದು ಬಂದರು, ನನ್ನಿಂದ. ಮೂರು ದಿನ ಹೇಳದೆ ಯಾಕೆ ಇದ್ದೆ ನಾನು.

ಎಂಟು ಸಾಲು, ಮೂರನೆಯದು ಮುಗಿಯುತ್ತಿದೆ, ಸಾಲು ಹಾಕಿದ್ದೂ ನಾನೇ, ಹಗ್ಗ ಕಟ್ಟಿ, ಟೀ ಗಿಡ ನಟ್ಟ ಹಾಗೆ, ಮಾಮಿ ಯಾವತ್ತೂ ಕೈಬೀಸಿ ಎರಚುತ್ತಿದ್ದರು, ಆ ಬೀಸಿನಲ್ಲಿ ಒಂದು ಕಾಳಿನ ಮೇಲೆ ಇನ್ನೊಂದು ಬೀಳುತ್ತಿರಲಿಲ್ಲ, ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತಿರುತ್ತಿದ್ದೆ. ಇಡೀ ಹಟ್ಟಿ ಟೀಗೆ ತಿರುಗಿದ ಮೇಲೂ ಮನೆಯ ಹಿಂದಿನ ಈ ತುಂಡು ನೆಲದಲ್ಲಿ ವರ್ಷ ತಪ್ಪದೆ ಸಾಮೆ, ಬೀಜ ಸಾಯಬಾರದು ಅಂತ, ಅಷ್ಟೇ, ಯಾರೂ ಹೇಳಿರಲಿಲ್ಲ, ಯಾರೂ ಹೊಗಳಲೂ ಇಲ್ಲ. ಸೋಲೂರಿನ ಸುತ್ತ ಬೇರೆ ಯಾರ ಮನೆಯಲ್ಲೂ ಈ ಕಾಳಿಲ್ಲ. ಒಲೆಯ ಮೇಲಿನ ಅಟ್ಟದಿಂದ ಸೋರೆಬುರುಡೆ ಇಳಿಸಿ ನಾಲ್ಕು ಹಿಡಿ ನನ್ನ ಸೆರಗಿಗೆ ಸುರಿದು, ಇಷ್ಟೇ ಇರೋದು ಸುಗನ್ಯಾ, ಈ ವರ್ಷ ನಿನ್ನ ಕೈ, ಅಂದಾಗ ನಾನು ಬೇಡ ಅನ್ನಬೇಕಿತ್ತು, ಅನ್ನಲಾರದೆ ಹೋದೆ, ಹೆಮ್ಮೆ, ಹೌದು ಹೆಮ್ಮೆಯೇ.

ಇಲ್ಲೆ. ಇಲ್ಲೆ. ಗೋಡೆಯಾಚೆ ಬಸ್ಸಿಗೆ ಹೊರಟ ಪಕ್ಕದ ಮನೆಯ ಹಾಲಿ ಅನ್ನೋ ಮಾವ ನಿಂತುಬಿಟ್ಟರು, ಏನ ಸುಗನ್ಯಾ, ಸಾಮೆಯ ಲೀಫ್ ಕಿತ್ತೆಯಂತೆ, ಫ್ಯಾಕ್ಟರಿಗ ಯಾವಾಗ ಕಳ್ಸೋದು, ಮಾಮಿ ತಲೆ ಎತ್ತದೆಯೇ, ಮೊದಲು ನಿನ್ನ ಬಾಯ ಕಳ್ಸುವ, ಚೆನ್ನಾಗಿ ಅರೆಯುತ್ತೆ, ಅಂದರು, ಮಾವ ನಗುತ್ತ ಹೋದರು, ನನಗೆ ನಗು ಬರಲಿಲ್ಲ, ನಾನು ಚಿವುಟುವುದನ್ನು ಯಾರೋ ಕಂಡಿರಬೇಕು, ಮಾತು ಹಟ್ಟಿಯೆಲ್ಲ ಹರಡಿದೆ ಅಂತಾಯಿತು. ಊಟಿಯ ಸಂಜೆಯ ಬೇಸಾಯದ ಕ್ಲಾಸಿನಲ್ಲಿ ಬರೆದುಕೊಂಡದ್ದು, ತುದಿ ಚಿವುಟಿದರೆ ಪಕ್ಕದ ಕವಲು ಒಡೆಯುತ್ತದೆ, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಇಟ್ಟಿದ್ದೆ, ಟೀಯಲ್ಲಿ ಅದು ನಿಜ, ಹದಿನೆಂಟು ವರ್ಷ ಕಣ್ಣಾರೆ ಕಂಡಿದ್ದೇನೆ, ಒಂಟಿ ದಂಟಿನಲ್ಲಿ ಬಡವಾಗಿ ನಿಂತ ಸಾಮೆ ನೋಡಿ ಕರುಳು ಚುರ್ ಅಂದಿತು, ಬುಡದಲ್ಲಿ ಎರಡು ಬೆರಳಷ್ಟು ಬಿಟ್ಟು ಎಲ್ಲವನ್ನೂ ಚಿವುಟಿದೆ, ಒಂದನ್ನೂ ಬಿಡದೆ, ಎಷ್ಟು ಶ್ರದ್ಧೆ, ಅರ್ಧ ದಿನದ ಕೂಲಿ ಬಿಟ್ಟು. ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಇವಳಿಗೆ ಇಷ್ಟೂ ಗೊತ್ತಿಲ್ಲ ಅಂದಾರು ಅಂತ ಅಲ್ಲವೇ ಕೇಳದಿದ್ದದ್ದು.

ಐದನೆಯ ಸಾಲು, ಇಲ್ಲೆ, ಮಾಮಿಯ ಕಣ್ಣಿಗೆ ಆಪರೇಷನ್ ಆದ ಮೇಲೂ ದೃಷ್ಟಿ ಮಂಜು, ಆದರೆ ಆ ಬೆರಳಿಗೆ ಯಾವ ಮಂಜೂ ಇಲ್ಲ, ನಾನು ಮದುವೆಯಾಗಿ ಬಂದ ದಿನ ನೆಲದಲ್ಲಿ ಹೂತ ಒರಳಿನಲ್ಲಿ ಕುಟ್ಟಿದ ಸಾಮೆಯನ್ನು ಇದೇ ಹೆಬ್ಬೆರಳಿನಿಂದ ಅಂಗೈ ಮೇಲೆ ಉಜ್ಜಿ, ಇನ್ನೂ ಎರಡು ಕುಟ್ಟು ಬೇಕು, ಅಂದಿದ್ದರು, ಸರಿಯಾಗಿ ಎರಡು, ಆಮೇಲೆ ಬಿಸಿ ಸಾಮೆ ಕೂಳಿನ ನಡುವೆ ಅದೇ ಬೆರಳಿನಿಂದ ಕುಳಿ ಮಾಡಿ ಅವರೆಯ ಸಾರು ಹೊಯ್ದರು, ಮೇಲೆ ಬೆಣ್ಣೆ, ಹೊಗೆಯ ವಾಸನೆ, ಕಾಳು ಕಾಳಾಗಿ ಬಿಡಿಸಿಕೊಂಡು ನಾಲಿಗೆಯ ಮೇಲೆ ಉರುಳಿದ ಆ ಅನ್ನ, ರೇಷನ್ ಅಕ್ಕಿ ತಿಂದು ಬೆಳೆದ ನಾನು ಮೂರು ಸಲ ಹಾಕಿಸಿಕೊಂಡು ನಾಚಿದೆ, ತಿನ್ನು, ನಾಚಿಕೆ ಹೊಟ್ಟೆಗ ಆಗುತ್ತಾ, ಅಂದರು. ಆ ಬೆರಳು ಹೋದರೆ ಇದೆಲ್ಲ ಯಾವ ನೋಟ್‌ಬುಕ್ಕಿನಲ್ಲಿ ಉಳಿಯುತ್ತದೆ.

ಏಳನೆಯದೂ ಇಲ್ಲೆ, ಉಸಿರು ಬಿಟ್ಟೆ, ಎಂಟನೆಯದು ಕಲ್ಲುಗೋಡೆಯ ಮಗ್ಗುಲಲ್ಲಿ, ಅಲ್ಲಿ ಬಿಸಿಲು ಮೊದಲು ಬೀಳುತ್ತದೆ, ಪೈರು ಒಂದು ಗೇಣು ಮುಂದಿತ್ತು, ಹೆಬ್ಬೆರಳು ಇಳಿಯಿತು, ಒತ್ತಿತು, ಉರುಳಿಸಲಿಲ್ಲ. ನಿಂತಿತು. ಇದೆ, ಅಂದರು. ಪಕ್ಕದ್ದು, ಇದೆ. ಅದರಾಚೆಯದು, ಇದೆ. ಮಾಮಿ, ಅಂದೆ, ಅವರು ಕೋಲೂರಿ ಎದ್ದು, ಈ ಸಾಲು ಹೋಯಿತು, ಉಳಿದ ಏಳು ಸಾಲು ಬಡವಾಗಿ ಕಟ್ಟುತ್ತೆ, ಬೀಜಕ್ಕೆ ಸಾಕು, ಈ ವರ್ಷ ಉಣ್ಣೋಕೆ ಮಾತ್ರ ಇಲ್ಲೆ, ಅಂದರು, ಹಬ್ಬಕ್ಕೂ ಇಲ್ಲವಾ, ಅಂದೆ, ಇಲ್ಲೆ, ಕೈ ತಾ ಇಲ್ಲಿ. ನನ್ನ ಹೆಬ್ಬೆರಳು ಹಿಡಿದು ನಾನೇ ಕೊಂದ ದಂಟಿನ ಬುಡಕ್ಕೆ ಇಟ್ಟರು, ಟೀ ಸೊನೆ ಹಿಡಿದು ಕಪ್ಪಾದ ನನ್ನದರ ಮೇಲೆ ತಮ್ಮದನ್ನು ಒತ್ತಿದರು, ಸಿಕ್ಕಿತಾ, ಮೊದಲು ಏನೂ ಇಲ್ಲ, ಆಮೇಲೆ ಒಳಗೆ, ಸಾಮೆ ಕಾಳಿನಷ್ಟೇ ಗಟ್ಟಿಯಾಗಿ, ಸಿಕ್ಕಿತು ಮಾಮಿ, ಮರೀಬೇಡ, ಮುಂದಿನ ವರ್ಷ ನಾ ಇಳಿಯೋಲ್ಲ, ಅಂದರು, ಆದರೂ ಬೆರಳು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ, ಸೀಳಿ ಕಪ್ಪಾದ ಆ ಗೆರೆ, ಅದರ ಕೆಳಗೆ ನನ್ನ ಹೆಬ್ಬೆರಳು, ಅದರ ಕೆಳಗೆ ಗಣ್ಣು —